ಮಂಗಗಳನ್ನು ಸಾಗಿಸಿದರೆ ಮಂಗನ ಕಾಯಿಲೆ ಹೋಗುತ್ತದೆಯೇ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಕಾಡಂಚಿನ ಊರು. ಸ್ವಲ್ಪ ಅಡಿಕೆ ತೋಟ, ನಾಲ್ಕು ದನ. ಮಂಗಗಳು ತೋಟ ಹಾಳು ಮಾಡುವುದು ಒಂದು ಕಡೆ, ಚಳಿಗಾಲ ಬಂತೆಂದರೆ ಮಂಗನ ಕಾಯಿಲೆಯ ಹೆದರಿಕೆ ಇನ್ನೊಂದು ಕಡೆ. ಮಂಗಗಳನ್ನೇ ಹಿಡಿದು ದೂರ ಸಾಗಿಸಿದರೆ ಎರಡೂ ಒಟ್ಟಿಗೇ ತೀರುವುದಿಲ್ಲವೇ? 1957ರಿಂದ ಸಂಶೋಧನೆ ನಡೆದಿದೆ ಎನ್ನುತ್ತೀರಿ, ಇನ್ನೂ ಒಂದು ಗಟ್ಟಿ ಲಸಿಕೆ ಇಲ್ಲ. ಈಗ ಗಣಿತದವರು ಕಂಪ್ಯೂಟರಿನಲ್ಲಿ ನಕ್ಷೆ ಮಾಡುತ್ತಿದ್ದಾರಂತೆ. ಕಾಡು ನೋಡದವರ ಲೆಕ್ಕದಿಂದ ನಮಗೇನು ಬಂತು? ಹಿಂದೆ ಲಸಿಕೆ ಹಾಕಿಸಿಕೊಂಡವರು ಈಗ ನಿಶ್ಚಿಂತೆಯಿಂದ ಇರಬಹುದೇ?

ಉತ್ತರ: ಮಂಗಗಳನ್ನು ಸಾಗಿಸಿದರೆ ತೋಟಕ್ಕೆ ಕೆಲವು ತಿಂಗಳು ನೆಮ್ಮದಿ ಸಿಕ್ಕೀತು. ಕಾಯಿಲೆಯ ವಿಷಯದಲ್ಲಿ ಮಾತ್ರ ಅದು ಅನುಕೂಲಕ್ಕಿಂತ ಅಪಾಯವನ್ನೇ ಹೆಚ್ಚು ತರುತ್ತದೆ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಬಾಳೆ, ಏಲಕ್ಕಿ, ಎಳೆ ಅಡಿಕೆ ಯಾವುದನ್ನೂ ಬಿಡದ ಹಿಂಡನ್ನು ದಿನಾ ನೋಡುವವರಿಗೆ ವನ್ಯಜೀವಿ ಪ್ರೀತಿಯ ಪಾಠ ಹೇಳಲು ನಾನು ಹೊರಟಿಲ್ಲ. ಆದರೆ ಈ ಕಾಯಿಲೆಯಲ್ಲಿ ಮಂಗ ನಮ್ಮ ಹಾಗೆಯೇ ಏಟು ತಿನ್ನುವ ಪ್ರಾಣಿ. ವೈರಸ್ಸಿನ ಕಾಯಂ ವಾಸ ಬೇರೆ ಕಡೆ ಇದೆ, ಮತ್ತು ಅದು ಮರದ ಮೇಲಲ್ಲ, ನೆಲದಲ್ಲಿ.

ಅದನ್ನು ತಿಳಿಯಲು ಈ ವೈರಸ್ಸನ್ನು ಹರಡುವ, ರಕ್ತ ಹೀರುವ ಉಣುಗಿನ ಬದುಕನ್ನು ಹತ್ತಿರದಿಂದ ನೋಡಬೇಕು. ಮಲೆನಾಡಿನ ಕಾಡಿನಲ್ಲಿ ಉಣುಗಿನ ಜಾತಿಗಳು ಹಲವಾರು. ಮಂಗನ ಕಾಯಿಲೆಯ ಮಟ್ಟಿಗೆ ಮುಖ್ಯ ಆರೋಪಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬುದು. ಇದು ತನ್ನ ಇಡೀ ಆಯುಷ್ಯದಲ್ಲಿ ಮೂರೇ ಸಲ ಹೊಟ್ಟೆ ತುಂಬ ರಕ್ತ ಕುಡಿಯುತ್ತದೆ. ಮೊಟ್ಟೆಯಿಂದ ಬಂದ ಆರು ಕಾಲಿನ ಮರಿ ಇಲಿ, ಮೂಗಿಲಿ, ನೆಲದಲ್ಲಿ ಮೇಯುವ ಹಕ್ಕಿ ಅಥವಾ ಮಂಗವನ್ನು ಹತ್ತಿ, ಕುಡಿದು, ಕೆಳಗೆ ಬೀಳುತ್ತದೆ. ನೆಲದಲ್ಲೇ ಪೊರೆ ಕಳಚಿ ಎಂಟು ಕಾಲಿನ ನಿಂಫ್ ಆಗುತ್ತದೆ. ನಿಂಫ್ ಇನ್ನೊಂದು ಪ್ರಾಣಿಯನ್ನು ಹತ್ತಿ, ಕುಡಿದು, ಬಿದ್ದು, ಮತ್ತೆ ಪೊರೆ ಕಳಚಿ ದೊಡ್ಡ ಉಣುಗಾಗುತ್ತದೆ. ದೊಡ್ಡದಕ್ಕೆ ಬೇಕಾಗಿರುವುದು ದೊಡ್ಡ ಮೈ: ದನ, ಎಮ್ಮೆ, ಕಾಟಿ, ಕಡವೆ. ಅಲ್ಲಿ ಹೊಟ್ಟೆ ತುಂಬಿಸಿಕೊಂಡ ಹೆಣ್ಣು ಕೆಳಗೆ ಬಿದ್ದು, ಸಾವಿರದ ಲೆಕ್ಕದಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ.

ಇದಕ್ಕೊಂದು ಪಂಚಾಂಗವೂ ಇದೆ. ದೊಡ್ಡ ಉಣುಗಿನ ಕಾಲ ಮಳೆಗಾಲ. ಮಳೆ ಕಳೆದ ಮೇಲೆ ಮರಿಗಳು. ನವೆಂಬರ್ ಕೊನೆಯಿಂದ ಮೇ ತನಕ ನಿಂಫ್‌ಗಳು. ಮನುಷ್ಯರಿಗೆ ಕಾಯಿಲೆ ತಗಲಿಸುವುದು ಬಹುಮಟ್ಟಿಗೆ ಈ ನಿಂಫ್. ನೀವು ತರಗೆಲೆ ಗುಡಿಸಿ ಕೊಟ್ಟಿಗೆಗೆ ತರುವುದು, ಸೌದೆಗೆ ಹೋಗುವುದು, ಬೆಟ್ಟದಲ್ಲಿ ಸೊಪ್ಪು ಕಡಿಯುವುದು ಎಲ್ಲವೂ ಅದೇ ತಿಂಗಳುಗಳಲ್ಲಿ. ರಾಗಿಕಾಳಿಗಿಂತ ಚಿಕ್ಕದು, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಸಂಜೆ ಮನೆಗೆ ಬಂದು ಕಾಲು ತೊಳೆಯುವಾಗ ಮಂಡಿಯ ಹಿಂದೆ ಕೈಗೆ ಸಿಕ್ಕರೆ ಸಿಕ್ಕಿತು.

ಕಾಡು ನೋಡದವರ ಲೆಕ್ಕ ಎಂದಿದ್ದೀರಿ. ಲೆಕ್ಕ ಎಲ್ಲಿಂದ ಶುರುವಾಗುತ್ತದೆ ಎಂದು ಹೇಳಿಬಿಡುತ್ತೇನೆ. ಒಂದು ಬಿಳಿ ಫ್ಲಾನಲ್ ಬಟ್ಟೆಯ ತುದಿಗೆ ಕೋಲು ಕಟ್ಟಿ, ತರಗೆಲೆಯ ಮೇಲೆ, ಕುರುಚಲಿನ ಮೇಲೆ ನಿಧಾನವಾಗಿ ಎಳೆದುಕೊಂಡು ಹೋಗಬೇಕು. ಪ್ರಾಣಿ ಬಂತೆಂದು ಉಣುಗು ಬಟ್ಟೆಗೆ ಅಂಟಿಕೊಳ್ಳುತ್ತದೆ. ಅಳೆದ ದೂರ ಮುಗಿದ ಮೇಲೆ ಬಟ್ಟೆ ಮಗುಚಿ, ಮಂಡಿಯೂರಿ ಕೂತು, ಚೂಪು ಚಿಮಟದಿಂದ ಒಂದೊಂದನ್ನೇ ಎತ್ತಿ ಸಣ್ಣ ಗಾಜಿನ ನಳಿಕೆಗೆ ಹಾಕಬೇಕು. ಮರಿಗಳ ಗೊಂಚಲು ಸಿಕ್ಕಿದರೆ ಬಟ್ಟೆಯ ಮೇಲೆ ಕಾಫಿ ಬಣ್ಣದ ಕಲೆ ಹರಡಿದಂತೆ ಕಾಣುತ್ತದೆ, ಮತ್ತು ಆ ಕಲೆ ನಡೆಯುತ್ತದೆ. ಪ್ಯಾಂಟಿನ ಕಾಲನ್ನು ಸಾಕ್ಸಿನೊಳಗೆ ತುರುಕಿ ಎಣ್ಣೆ ಹಚ್ಚಿಕೊಂಡಿದ್ದರೂ ಎರಡು ಮೂರು ಮೈಯೇರಿಯೇ ಏರುತ್ತವೆ. ಪ್ರಯೋಗಾಲಯದಲ್ಲಿ ಅವುಗಳ ಜಾತಿ, ಹಂತ ಗುರುತಿಸಿ, ಗುಂಪುಗುಂಪಾಗಿ ಅರೆದು ವೈರಸ್ ಇದೆಯೇ ಎಂದು ನೋಡುತ್ತಾರೆ. ಒಂದೊಂದನ್ನೇ ಪರೀಕ್ಷಿಸಲು ಕೈಯೂ ಸಾಲದು, ದುಡ್ಡೂ ಸಾಲದು. ಐವತ್ತರ ಒಂದು ಗುಂಪು ಪಾಸಿಟಿವ್ ಬಂದರೆ ಅದರಲ್ಲಿ ಕನಿಷ್ಠ ಒಂದು ಉಣುಗಿನಲ್ಲಿ ವೈರಸ್ ಇದೆ ಎಂದಷ್ಟೇ ಅರ್ಥ. ಒಂದೇ ಇತ್ತೋ ಮೂರಿತ್ತೋ? ಅದನ್ನು ಎಷ್ಟು ಗುಂಪು ನೆಗೆಟಿವ್ ಬಂದವು ಎಂಬುದರಿಂದ ಲೆಕ್ಕ ಹಾಕಿ ತೆಗೆಯಬೇಕು. ಅಂದರೆ ನಕ್ಷೆಯವರು ಬರುವುದಕ್ಕೆ ಬಹಳ ಮೊದಲೇ, ಚಿಮಟ ಹಿಡಿದವರ ನೋಟ್‌ಬುಕ್ಕಿನಲ್ಲೇ ಗಣಿತ ಕೂತಿದೆ.

ಈಗ ಮಂಗದ ಮಾತು. ಒಂದು ಕೈಲೆಕ್ಕ ಮಾಡೋಣ. ಇವು ಕಾಡಿನಲ್ಲಿ ಅಳೆದ ಸಂಖ್ಯೆಗಳಲ್ಲ, ದಾರಿ ತೋರಿಸಲು ನಾನು ಇಟ್ಟುಕೊಂಡವು. ವೈರಸ್ ತಗುಲಿದ ಒಂದು ಪ್ರಾಣಿಯಿಂದ 1000 ಮರಿ ಉಣುಗುಗಳು ರಕ್ತ ಕುಡಿದು ಬಿದ್ದವು ಎನ್ನಿ. ಹತ್ತರಲ್ಲೊಂದು ಬದುಕಿ ನಿಂಫ್ ಆದರೆ 100. ಅವುಗಳಲ್ಲಿ ಐದರಲ್ಲೊಂದರ ಮೈಯಲ್ಲಿ ವೈರಸ್ ಉಳಿದುಕೊಂಡರೆ 20. ಆ ಇಪ್ಪತ್ತರಲ್ಲಿ ಹತ್ತರಲ್ಲೊಂದಕ್ಕೆ, ವೈರಸ್ ಚೆನ್ನಾಗಿ ಬೆಳೆಯಬಲ್ಲ, ಹಿಂದೆ ಕಾಯಿಲೆ ಬಂದಿರದ ಪ್ರಾಣಿ ಸಿಕ್ಕರೆ 2. ಒಂದು ಪ್ರಾಣಿಯಿಂದ ಎರಡಕ್ಕೆ, ಎರಡರಿಂದ ನಾಲ್ಕಕ್ಕೆ ಹೋಗುತ್ತದೆ. ಇದರಲ್ಲಿ ಯಾವುದಾದರೂ ಒಂದು ಮೆಟ್ಟಿಲನ್ನು ಮೂರನೇ ಒಂದು ಪಾಲಿಗೆ ಇಳಿಸಿದರೆ ಕೊನೆಯ ಸಂಖ್ಯೆ ಒಂದಕ್ಕಿಂತ ಕೆಳಗೆ ಬರುತ್ತದೆ, ಕಾಯಿಲೆ ತಾನಾಗಿ ಆರಿಹೋಗುತ್ತದೆ. ಎಲ್ಲ ಉಣುಗನ್ನೂ ಕೊಲ್ಲಬೇಕಾಗಿಲ್ಲ, ಎಲ್ಲ ಪ್ರಾಣಿಗಳನ್ನೂ ಓಡಿಸಬೇಕಾಗಿಲ್ಲ.

ಈ ಯೋಚನೆ ನಮ್ಮ ದೇಶದ ಮಣ್ಣಿನಲ್ಲೇ ಬೆಳೆದದ್ದು. 1897ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾದ ಪರಾವಲಂಬಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡ ರೊನಾಲ್ಡ್ ರಾಸ್‌ಗೆ 1902ರಲ್ಲಿ ನೊಬೆಲ್ ಬಂತು. ಆ ಮೇಲೆ ಆತ ಬಹಳ ಶ್ರಮಪಟ್ಟದ್ದು ಒಂದು ಸಮೀಕರಣಕ್ಕೆ. ಕೊನೆಯ ಸೊಳ್ಳೆಯನ್ನೂ ಕೊಲ್ಲದೆ ಮಲೇರಿಯಾ ಹೋಗುವುದಿಲ್ಲ ಎನ್ನುವವರಿಗೆ, ಸೊಳ್ಳೆಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಸಾಕು ಎಂದು ಲೆಕ್ಕ ಮಾಡಿ ತೋರಿಸಿದ. ಅವನ ಪ್ರಭಾವಕ್ಕೆ ಬಿದ್ದ ಮೆಕೆಂಡ್ರಿಕ್ ಎಂಬ ವೈದ್ಯ ಭಾರತದಲ್ಲಿ ಸೇನಾ ವೈದ್ಯಕೀಯ ಸೇವೆಯಲ್ಲಿದ್ದವನು, ಕಸೌಲಿಯಲ್ಲಿ ಕೆಲಸ ಮಾಡಿದವನು. 1927ರಲ್ಲಿ ಆತ ಕೆರ್ಮಾಕ್ ಎಂಬ ವಿಜ್ಞಾನಿಯ ಜೊತೆ ಸೇರಿ ಬರೆದ ಪ್ರಬಂಧದಲ್ಲಿ ತಮ್ಮ ಸೂತ್ರ ಸರಿಯೇ ಎಂದು ಹೊಂದಿಸಿ ನೋಡಿದ್ದು ಬೊಂಬಾಯಿಯ 1905–06ರ ಪ್ಲೇಗಿನ ಸಾವಿನ ಅಂಕಿಗಳ ಮೇಲೆ. ಕೊರೋನಾ ಕಾಲದಲ್ಲಿ ಟಿವಿಯವರು ದಿನಾ ಹೇಳುತ್ತಿದ್ದ, ಒಬ್ಬ ರೋಗಿಯಿಂದ ಸರಾಸರಿ ಎಷ್ಟು ಜನಕ್ಕೆ ಹರಡುತ್ತದೆ ಎನ್ನುವ ಆರ್ ಸಂಖ್ಯೆಯ ಬೇರು ಅಲ್ಲಿಯದು.

ಆ ಕಣ್ಣಿನಿಂದ ನಿಮ್ಮ ಸಲಹೆಯನ್ನು ನೋಡಿ. ಮಂಗ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಮುಸಿಯ ಮತ್ತು ಕೆಂಪು ಮೂತಿಯ ಮಂಗ ಎರಡರಲ್ಲೂ ವೈರಸ್ ಜೋರಾಗಿ ಬೆಳೆಯುತ್ತದೆ, ಮೈಮೇಲಿರುವ ನೂರಾರು ಮರಿ ಉಣುಗಿಗೆ ಒಂದೇ ಸಲಕ್ಕೆ ಹಂಚಿಕೆಯಾಗುತ್ತದೆ. ಮಂಗ ಸತ್ತು ಮೈ ತಣ್ಣಗಾದಾಗ ಅವೆಲ್ಲ ಬಿಟ್ಟು ಅಲ್ಲೇ ನೆಲಕ್ಕಿಳಿಯುತ್ತವೆ. ಸತ್ತ ಮಂಗದ ಸುತ್ತ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಚೆಲ್ಲುವುದು ಅದಕ್ಕೇ. ಆದರೆ ಮಂಗಗಳನ್ನು ತೆಗೆದುಬಿಟ್ಟರೂ ಇಲಿ, ಮೂಗಿಲಿ, ಉಣುಗು ಇವುಗಳ ನಡುವೆ ವೈರಸ್ ಸದ್ದಿಲ್ಲದೆ ಸುತ್ತುತ್ತಲೇ ಇರುತ್ತದೆ. ಆಗ ಊರಿನವರಿಗೆ ಗೊತ್ತಾಗುವುದು ಮೊದಲ ಮನುಷ್ಯ ಜ್ವರದಲ್ಲಿ ಮಲಗಿದಾಗ. ಈಗ ಮಂಗ ಸತ್ತ ಸುದ್ದಿ ಒಂದೆರಡು ವಾರ ಮೊದಲೇ ಎಚ್ಚರಿಸುತ್ತದಲ್ಲ, ಆ ಅವಕಾಶವೂ ಹೋಯಿತು.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಕಾಯಿಲೆ ಬಂದು ಹೋದ ಕಾಡಿನಲ್ಲಿ ಉಳಿದ ಮಂಗಗಳಲ್ಲಿ ಹಲವಕ್ಕೆ ಪ್ರತಿರೋಧ ಶಕ್ತಿ ಬಂದಿರುತ್ತದೆ. ಅವುಗಳನ್ನು ಕಚ್ಚಿದ ಮರಿ ಉಣುಗಿಗೆ ವೈರಸ್ ಸಿಗುವುದಿಲ್ಲ. ಅವುಗಳನ್ನು ಹಿಡಿದು ಸಾಗಿಸಿದರೆ ಖಾಲಿಯಾದ ಜಾಗಕ್ಕೆ ಪಕ್ಕದ ಕಾಡಿನ ಹೊಸ ಹಿಂಡು ಬರುತ್ತದೆ. ಕಾಯಿಲೆಯನ್ನೇ ಕಾಣದ ಹಿಂಡದು. ಮೆಕೆಂಡ್ರಿಕ್‌ನ ಸೂತ್ರದಲ್ಲಿ ಬೆಂಕಿಗೆ ಸೌದೆ ಎಂದರೆ ಇದೇ, ಇನ್ನೂ ಕಾಯಿಲೆ ಬಾರದವರ ಸಂಖ್ಯೆ. ಇತ್ತ ಸಾಗಿಸಿದ ಮಂಗಗಳ ಮೈಮೇಲೆ ಕೂತ ಉಣುಗು ಅವುಗಳ ಜೊತೆಗೇ ಹೊಸ ಊರಿಗೆ ಹೋಗುತ್ತದೆ. ತಾಲ್ಲೂಕು ದಾಟಿಸಿ ಬಿಟ್ಟು ಬಂದವರು ಆ ಊರಿನವರಿಗೆ ಏನು ಕೊಟ್ಟು ಬಂದೆವು ಎಂದು ಯೋಚಿಸಬೇಕು. ತೋಟದ ನಷ್ಟಕ್ಕೆ ಪರಿಹಾರ ಕೇಳಿ, ಬೇಲಿ ಕೇಳಿ, ಸಂತಾನಹರಣ ಚಿಕಿತ್ಸೆ ಕೇಳಿ, ಅವು ನ್ಯಾಯವಾದ ಬೇಡಿಕೆಗಳು. ಅವುಗಳಿಗೆ ಕಾಯಿಲೆಯ ಹೆಸರನ್ನು ಕಟ್ಟಬೇಡಿ.

ದನದ ಪಾತ್ರ ಇನ್ನೂ ವಿಚಿತ್ರ. ದನದ ರಕ್ತದಲ್ಲಿ ಈ ವೈರಸ್ ಹೇಳಿಕೊಳ್ಳುವಷ್ಟು ಬೆಳೆಯುವುದಿಲ್ಲ. ಸೋಂಕಿದ ನಿಂಫ್ ದನವನ್ನು ಕಚ್ಚಿದರೆ ವೈರಸ್ಸಿನ ಪಾಲಿಗೆ ಅದು ವ್ಯರ್ಥ. ಇಷ್ಟನ್ನೇ ಓದಿದವರು ದನ ಹೆಚ್ಚಿದಷ್ಟೂ ಒಳ್ಳೆಯದು ಎನ್ನಬಹುದು. ಆದರೆ ದೊಡ್ಡ ಉಣುಗಿಗೆ ಊಟ ಹಾಕುವುದೇ ದನ. ಕಾಡಿಗೆ ಬಿಟ್ಟು ಮೇಯಿಸುವ ನಮ್ಮ ಮಲೆನಾಡು ಗಿಡ್ಡದ ಮೈಯಿಂದ ಬಿದ್ದ ಒಂದೊಂದು ಹೆಣ್ಣು ಉಣುಗೂ ಮುಂದಿನ ವರ್ಷದ ಸಾವಿರಾರು ಮರಿಗಳಿಗೆ ತಾಯಿ. ಹಾಗಾಗಿ ಒಂದೇ ದನ ಒಂದು ಮೆಟ್ಟಿಲಿನಲ್ಲಿ ಕಾಯಿಲೆಯನ್ನು ತಗ್ಗಿಸುತ್ತದೆ, ಇನ್ನೊಂದರಲ್ಲಿ ಏರಿಸುತ್ತದೆ. ಎರಡರಲ್ಲಿ ಯಾವುದು ಗೆಲ್ಲುತ್ತದೆ? ಇದನ್ನು ಅನುಭವದಿಂದಲೋ ಊಹೆಯಿಂದಲೋ ಹೇಳಲಾಗದು, ಸಮೀಕರಣ ಬರೆದು ಕಾಡಿನ ಅಂಕಿಗಳ ಎದುರಿಗೆ ಹಿಡಿಯಬೇಕು. ಗಣಿತದವರು ಬೇಕಾಗುವುದು ಇಂಥ ಜಾಗದಲ್ಲಿ.

ನಕ್ಷೆ ಎಂದಿರಲ್ಲ, ಅದು ಇದೇ ಪ್ರಶ್ನೆಗೆ ಸಿಕ್ಕ ಒಂದು ಉತ್ತರ. ಬ್ರಿಟನ್ನಿನ ಪರಿಸರ ವಿಜ್ಞಾನಿ ಬೆಥನ್ ಪರ್ಸ್ ಮತ್ತು ನಮ್ಮ ದೇಶದ ಹಲವು ಸಂಸ್ಥೆಗಳ ಸಂಶೋಧಕರು ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಅವರು ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಗಳವರ ಜೊತೆ ಕೂತು, ಯಾವ್ಯಾವ ಅಂಶಗಳನ್ನು ಮಾದರಿಗೆ ಸೇರಿಸಬೇಕು ಎಂದು ಕೇಳಿಯೇ ಶುರು ಮಾಡಿದರು. ಸಿಕ್ಕ ಚಿತ್ರ ಹೀಗಿದೆ: ತೇವದ ನಿತ್ಯಹಸುರು ಕಾಡೂ ತೋಟಗಳೂ ಒಂದರೊಳಗೊಂದು ಹೆಣೆದುಕೊಂಡಿರುವ ಜಾಗ, ನಾಟಿ ದನಗಳು ಹೆಚ್ಚಿರುವ ಜಾಗ, ಒಣ ಎಲೆಯುದುರುವ ಕಾಡು ಕಡಿಮೆ ಇರುವ ಜಾಗ, ಅಲ್ಲಿ ಮನುಷ್ಯರಿಗೆ ಕಾಯಿಲೆಯ ಅಪಾಯ ಹೆಚ್ಚು. ನಿಮ್ಮೂರನ್ನು ನೋಡದೆಯೇ ನಿಮ್ಮೂರನ್ನು ವರ್ಣಿಸಿದ ಹಾಗಿಲ್ಲವೇ? ದಟ್ಟ ಕಾಡಿನ ನಡುಮಧ್ಯಕ್ಕಿಂತ ಕಾಡೂ ಕೃಷಿಯೂ ಕೈಕೈ ಹಿಡಿದ ಅಂಚು ಹೆಚ್ಚು ಅಪಾಯದ್ದು ಎಂಬುದು ಹಳೆಯ ಅನುಭವಕ್ಕೂ ಹೊಂದುತ್ತದೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ನಿಡ್ಲೆಯ ಕಡೆ ಗೇರು ನೆಡಲು ಕಾಡು ಕಡಿದ ಮೇಲೆ ಕಾಯಿಲೆ ಭೀಕರವಾಗಿ ಎದ್ದಿತ್ತು.

ನಕ್ಷೆಯನ್ನು ಕಣ್ಣುಮುಚ್ಚಿ ನಂಬಿ ಎಂದು ಮಾತ್ರ ಹೇಳಲಾರೆ. ಅದಕ್ಕೆ ಹಾಕಿದ ಅಂಕಿಗಳು ವರದಿಯಾದ ರೋಗಿಗಳದ್ದು. ಪ್ರಾಥಮಿಕ ಆರೋಗ್ಯ ಕೇಂದ್ರ ಹತ್ತಿರವಿರುವ, ಆಶಾ ಕಾರ್ಯಕರ್ತೆ ಚುರುಕಾಗಿರುವ ಊರಿನಲ್ಲಿ ರಕ್ತದ ಮಾದರಿ ಹೋಗುತ್ತದೆ. ಎರಡು ಗುಡ್ಡದಾಚೆಯ ಊರಿನಲ್ಲಿ ಅದೇ ಕಾಯಿಲೆ ಬರೀ ಜ್ವರ ಎನಿಸಿಕೊಂಡು ಹೋಗುತ್ತದೆ. ರಸ್ತೆ ಬದಿಯಲ್ಲಿ ಸತ್ತ ಮಂಗ ವರದಿಯಾಗುತ್ತದೆ, ಒಳಕಾಡಿನಲ್ಲಿ ಸತ್ತದ್ದನ್ನು ಹಂದಿ ತಿನ್ನುತ್ತದೆ. 2012ರ ನಂತರ ಬಂಡೀಪುರ, ವಯನಾಡು, ನೀಲಗಿರಿ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಹೀಗೆ ಒಂದಾದ ಮೇಲೊಂದು ಕಡೆ ಕಾಯಿಲೆ ಕಂಡಿತು. ಅದು ನಿಜವಾಗಿ ಹರಡಿದ್ದು ಎಷ್ಟು, ಒಳ್ಳೆಯ ಪರೀಕ್ಷೆಗಳು ಬಂದು ಮೊದಲೇ ಇದ್ದದ್ದು ಕಣ್ಣಿಗೆ ಬಿದ್ದದ್ದು ಎಷ್ಟು ಎಂದು ಬಿಡಿಸುವುದು ಸುಲಭವಲ್ಲ. ಎರಡೂ ಇದೆ ಎಂದು ನನ್ನ ಅಂದಾಜು.

1957ರಿಂದ ಏನು ಮಾಡಿದಿರಿ ಎಂಬ ಪ್ರಶ್ನೆಗೆ ಬರೋಣ. ಆ ವರ್ಷದ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಅಂಚಿನ ಹಳ್ಳಿಗಳಲ್ಲಿ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಷ್ಟೇ ಶುರುವಾಗಿತ್ತು. ಅಲ್ಲಿನ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಜೊತೆಗಾರರಿಗೆ ಮೊದಲು ಹೊಳೆದದ್ದು ಹಳದಿ ಜ್ವರ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಹಾಗೆ ಸಾಯುವುದು ಆ ಜ್ವರದಿಂದ. ಹಳದಿ ಜ್ವರ ಎಂದೂ ಕಾಲಿಡದ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ಊರೂರಿನಲ್ಲಿರುವ ದೇಶ ನಮ್ಮದು. ಗಾಬರಿ ಎಷ್ಟಿದ್ದಿರಬೇಕು ಊಹಿಸಿ. ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ಹಳದಿ ಜ್ವರವಲ್ಲ, ರಷ್ಯದ ಕಾಡುಗಳಲ್ಲಿ ಉಣುಗಿನಿಂದ ಬರುವ ಮಿದುಳಿನ ಉರಿಯೂತದ ವೈರಸ್ಸಿನ ಬಳಗದ್ದು ಎಂದು ತಿಳಿಯಿತು. ಕೂಡಲೇ ರಷ್ಯದ ಕಾಯಿಲೆಗೆ ಮಾಡಿದ್ದ ಲಸಿಕೆಯನ್ನು ಇಲ್ಲಿ ಹಾಕಿ ನೋಡಿದರು. ಉಪಯೋಗವಾಗಲಿಲ್ಲ. ಸೈಬೀರಿಯದಿಂದ ಬರುವ ವಲಸೆ ಹಕ್ಕಿಗಳು ವೈರಸ್ ತಂದವೇನೋ ಎಂಬ ವಾದವೂ ಬಹಳ ದಿನ ಓಡಿತು. ಆಮೇಲೆ 1990ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಸಿಕ್ಕ ಅಲ್‌ಖುರ್ಮಾ ಎಂಬ ವೈರಸ್ ನಮ್ಮದರ ತೀರಾ ಹತ್ತಿರದ ನೆಂಟ ಎಂದು ಗೊತ್ತಾದ ಮೇಲೆ ಆ ವಾದದ ಕಾವು ಇಳಿಯಿತು. ಉಣುಗಿನ ಜೀವನಚಕ್ರ, ಯಾವ ಪ್ರಾಣಿಯಲ್ಲಿ ವೈರಸ್ ಎಷ್ಟು ಬೆಳೆಯುತ್ತದೆ, ಯಾವ ತಿಂಗಳಲ್ಲಿ ಯಾವ ಹಂತ ಎಂದು ನಾನು ಮೇಲೆ ಹೇಳಿದ್ದರಲ್ಲಿ ಬಹುಪಾಲು 1957ರ ನಂತರದ ಹದಿನೈದು ವರ್ಷಗಳಲ್ಲಿ, ಸಾಗರ, ಸೊರಬದ ಕಾಡುಗಳಲ್ಲಿ ಬಟ್ಟೆ ಎಳೆದವರು ಕಂಡುಕೊಂಡದ್ದು. ಕೆಲಸ ಮಾಡುತ್ತಲೇ ಕಾಯಿಲೆ ತಗುಲಿಸಿಕೊಂಡ ಪ್ರಯೋಗಾಲಯದ ಸಿಬ್ಬಂದಿಯೂ ಕಡಿಮೆಯಿಲ್ಲ.

ಆಮೇಲೆ ಕೆಲಸ ಸೊರಗಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕಾಯಿಲೆ ಜೋರಾದ ವರ್ಷ ಜೀಪುಗಳು ಬರುತ್ತವೆ, ಯೋಜನೆ ಮಂಜೂರಾಗುತ್ತದೆ. ಎರಡು ವರ್ಷ ತಣ್ಣಗಿದ್ದರೆ ದುಡ್ಡು ಬೇರೆ ಕಡೆ ಹೋಗುತ್ತದೆ. 2019ರಲ್ಲಿ ನಿಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದ ಮೇಲೆ ಮತ್ತೆ ಎಲ್ಲರಿಗೂ ನೆನಪಾಯಿತು. ಉಣುಗಿನ ಸಂಖ್ಯೆ, ಇಲಿಗಳ ಸಂಖ್ಯೆ, ಮಳೆ, ದನಗಳ ಓಡಾಟ ಇವನ್ನು ಒಂದೇ ಜಾಗದಲ್ಲಿ ಕಾಯಿಲೆ ಇಲ್ಲದ ವರ್ಷವೂ ಬಿಡದೆ ಅಳೆದರೆ ಮಾತ್ರ ಮುಂದಿನ ವರ್ಷವನ್ನು ಮೊದಲೇ ಹೇಳುವ ಮಾದರಿ ಕಟ್ಟಲು ಸಾಧ್ಯ. ಕಾಯಿಲೆ ಇಲ್ಲದ ವರ್ಷದ ಅಂಕಿಗೆ ದುಡ್ಡು ಕೊಡಿ ಎಂದರೆ ಕಚೇರಿಗಳಲ್ಲಿ ನಗುತ್ತಾರೆ.

ಲಸಿಕೆಯದೂ ಹೆಚ್ಚುಕಡಿಮೆ ಅದೇ ಪಾಡು. ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಮಾಡಿದ ಲಸಿಕೆಯನ್ನು ನಮ್ಮ ರಾಜ್ಯದಲ್ಲೇ ತಯಾರಿಸಿ ಕೊಡುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆ ಮೇಲೂ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗದ ನೋವಿಗೆ ಹೆದರಿ ಎರಡನೆಯದಕ್ಕೇ ಬಾರದವರು ಬಹಳ. 2013ರಲ್ಲಿ ಪ್ರಕಟವಾದ ಕ್ಷೇತ್ರ ಅಧ್ಯಯನದ ಪ್ರಕಾರ ಎರಡು ಡೋಸಿನ ಪರಿಣಾಮ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9. ಈ ಸಂಖ್ಯೆಯನ್ನು ತಪ್ಪಾಗಿ ಓದಿ ಲಸಿಕೆ ಬಿಟ್ಟವರಿದ್ದಾರೆ. ಶೇ. 62 ಎಂದರೆ ಲಸಿಕೆ ಹಾಕಿಸಿಕೊಂಡ ನೂರು ಜನರಲ್ಲಿ 38 ಜನಕ್ಕೆ ಕಾಯಿಲೆ ಬರುತ್ತದೆ ಎಂದಲ್ಲ. ಲಸಿಕೆ ಇಲ್ಲದ ಸಾವಿರ ಜನರಲ್ಲಿ 10 ಜನಕ್ಕೆ ಬರುವಂಥ ಊರಿನಲ್ಲಿ, ಲಸಿಕೆ ಪಡೆದ ಸಾವಿರ ಜನರಲ್ಲಿ ಸುಮಾರು 4 ಜನಕ್ಕೆ ಬರುತ್ತದೆ ಎಂದು ಅರ್ಥ. ಬೂಸ್ಟರ್ ಆದರೆ ಎರಡಕ್ಕಿಂತ ಕಡಿಮೆ. ಸಾಧಾರಣ ಲಸಿಕೆ, ಆದರೂ ಕೆಲಸಕ್ಕೆ ಬಾರದ್ದೇನಲ್ಲ.

ತಯಾರಾದ ಲಸಿಕೆಯ ಶಕ್ತಿ ಬೇಕಾದ ಮಟ್ಟಕ್ಕಿಲ್ಲ ಎಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಲಸಿಕೆ ತಯಾರಕರಾದ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿವೆ. ಇಷ್ಟು ತಡ ಏಕೆ ಎಂದರೆ, ಇದು ವರ್ಷಕ್ಕೆ ನೂರರ ಲೆಕ್ಕದಲ್ಲಿ ಬರುವ ಕಾಯಿಲೆ. ಬರುವುದು ಕೂಲಿಯವರಿಗೆ, ಸಣ್ಣ ಬೆಳೆಗಾರರಿಗೆ. ವೈರಸ್ಸನ್ನು ಮುಟ್ಟಲು ಬಹಳ ಬಿಗಿ ಭದ್ರತೆಯ ಪ್ರಯೋಗಾಲಯ ಬೇಕು. ಲಾಭ ನೋಡುವ ಯಾವ ಕಂಪನಿಯೂ ತಾನಾಗಿ ಮುಂದೆ ಬರುವುದಿಲ್ಲ. ಸರ್ಕಾರವೇ ಬೆನ್ನು ಹತ್ತಬೇಕು.

ಲಸಿಕೆ ಬರುವ ತನಕ ಲೆಕ್ಕದ ಬೇರೆ ಮೆಟ್ಟಿಲುಗಳ ಮೇಲೆ ಕೈಯಿಡಬೇಕು. ಯಾರೂ ಹೆಚ್ಚು ಮಾತಾಡದ ಒಂದು ವಿಷಯ ಉರುವಲು. ಸೌದೆಗೆಂದು ಕಾಡಿಗೆ ಹೋಗುವ ದಿನ ಕಡಿಮೆಯಾದಷ್ಟೂ ನಿಂಫ್ ಕಚ್ಚುವ ಅವಕಾಶ ಕಡಿಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಮುಂತಾದವರು ಶುರು ಮಾಡಿದ ಅಸ್ತ್ರ ಎಂಬ, ಹಳ್ಳಿಗೆ ಹೊಂದುವ ತಂತ್ರಜ್ಞಾನದ ಕೇಂದ್ರದ ಒಲೆಗಳು, ಗೋಬರ್ ಗ್ಯಾಸ್ ಎಲ್ಲವನ್ನೂ ನಾವು ಹೊಗೆ ಮತ್ತು ಮರದ ಉಳಿತಾಯ ಎಂದೇ ಎಣಿಸಿದೆವು. ಮಲೆನಾಡಿನಲ್ಲಿ ಅವು ಉಣುಗಿನಿಂದ ದೂರವಿಡುವ ಸಾಧನವೂ ಹೌದು ಎಂದು ನನ್ನ ಅಭಿಪ್ರಾಯ. ಆದರೆ ಗ್ಯಾಸು ಬಂದರೂ ಕೊಟ್ಟಿಗೆಗೆ ಹಾಸಲು ತರಗೆಲೆ ಬೇಕಲ್ಲ, ತೋಟಕ್ಕೆ ಗೊಬ್ಬರ ಬೇಕಲ್ಲ. ಆದ್ದರಿಂದ ಇದು ಅರ್ಧ ದಾರಿ. ದೊಡ್ಡ ವಿದ್ಯುತ್ ಯೋಜನೆಗಳಲ್ಲೂ ಈ ಕಾಯಿಲೆಯ ಲೆಕ್ಕ ಬಿಡಬಾರದು. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿಟ್ಟು, ಬೇಕಾದಾಗ ಕೆಳಗೆ ಹರಿಸಿ ವಿದ್ಯುತ್ ತೆಗೆಯುವ) ಪ್ರಸ್ತಾಪವಿದೆ. ಸೌರ, ಪವನ ವಿದ್ಯುತ್ತನ್ನು ಕೂಡಿಡಲು ಅಂಥದ್ದು ಬೇಕು ಎನ್ನುವವರ ವಾದದಲ್ಲಿ ಹುರುಳಿದೆ. ಸಿಂಗಳೀಕದ ಅಭಯಾರಣ್ಯ ಎಂದು ವಿರೋಧಿಸುವವರ ವಾದದಲ್ಲೂ ಇದೆ. ರಸ್ತೆ, ಶೆಡ್ಡು, ಕೂಲಿಕಾರರ ಬಿಡಾರ ಎಂದು ಹೊಸ ಕಾಡಂಚುಗಳು ಹುಟ್ಟುವಾಗ ಮಂಗನ ಕಾಯಿಲೆಗೆ ಏನಾಗುತ್ತದೆ ಎಂದೂ ಪರಿಸರ ವರದಿಯಲ್ಲಿ ಒಂದು ಅಧ್ಯಾಯ ಇರಬೇಕು ಎಂಬುದಷ್ಟೇ ನನ್ನ ಒತ್ತಾಯ. ಹೊರಗಿನಿಂದ ಬರುವ ಕೂಲಿಕಾರರಿಗೆ ಉಣುಗು ಎಂದರೇನು ಎಂದೇ ಗೊತ್ತಿರುವುದಿಲ್ಲ.

ನಿಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ, ಡಿಸೆಂಬರ್ ಒಳಗೆ ಪಶುವೈದ್ಯರನ್ನು ಕೇಳಿ ದನಗಳಿಗೆ ಉಣುಗಿನ ಔಷಧಿ ಹಾಕಿಸಿ, ಮಂಗ ಸತ್ತ ಸುದ್ದಿ ಬಂದ ಬೆಟ್ಟಕ್ಕೆ ಆ ವರ್ಷ ಮೇಯಲು ಬಿಡಬೇಡಿ, ಅಲ್ಲಿಯ ತರಗೆಲೆಯನ್ನೂ ತರಬೇಡಿ. ಕಾಡಿಗೆ ಹೋಗುವಾಗ ಆಶಾ ಕಾರ್ಯಕರ್ತೆಯರು ಕೊಡುವ ಡೇಪಾ ಎಂಬ, ಉಣುಗನ್ನು ದೂರವಿಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಬಿಸಿನೀರಿನ ಸ್ನಾನ ಮಾಡಿ, ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡಿ. ಕಚ್ಚಿಕೊಂಡದ್ದು ಸಿಕ್ಕರೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ ಬಿಡುವುದು, ಬೀಡಿ ತಗುಲಿಸುವುದು ಬೇಡ. ಸತ್ತ ಮಂಗವನ್ನು ಮುಟ್ಟದೆ, ಹೂಳಲೂ ಹೋಗದೆ, ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ.

ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಥಟ್ಟನೆ ಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಮತ್ತು ಮೀನಖಂಡದಲ್ಲಿ ತಡೆಯಲಾಗದ ನೋವು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ಜ್ವರ, ನೋವಿಗೆ ಮಾತ್ರೆ ಬೇಕೆಂದರೆ ಪ್ಯಾರಾಸಿಟಮಾಲ್ ಸಾಕು. ಬ್ರುಫೆನ್, ಆಸ್ಪಿರಿನ್ ನುಂಗಬೇಡಿ, ರಕ್ತಸ್ರಾವಕ್ಕೆ ದಾರಿಯಾದೀತು. ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ನೀವಾಗಿಯೇ ಹೇಳಿ ರಕ್ತ ಪರೀಕ್ಷೆ ಕೇಳಿ. ವೈರಸ್ಸಿಗೇ ಎಂದು ಔಷಧಿ ಇಲ್ಲ. ಆದರೂ ಬೇಗ ದಾಖಲಾಗಿ ದ್ರವ, ಪ್ಲೇಟ್ಲೆಟ್, ರಕ್ತದೊತ್ತಡ ನೋಡಿಕೊಂಡರೆ ನೂರರಲ್ಲಿ ತೊಂಬತ್ತೈದರಷ್ಟು ಜನ ಉಳಿಯುತ್ತಾರೆ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಜ್ವರ ಬಂದು ತಲೆಸುತ್ತು, ಗೊಂದಲ, ನಡುಕ ಕಾಣಿಸಿಕೊಳ್ಳುತ್ತದೆ. ಆಗ ಮತ್ತೆ ಆಸ್ಪತ್ರೆಗೆ ಹೋಗಬೇಕು. ರೋಗಿಯಿಂದ ಮನೆಯವರಿಗೆ ಇದು ಹರಡುವುದಿಲ್ಲ, ಆರೈಕೆ ಮಾಡಲು ಹೆದರುವುದು ಬೇಡ.

ಹಳೆಯ ಲಸಿಕೆಯ ವಿಷಯ. ಅದರ ರಕ್ಷಣೆ ವರ್ಷ ವರ್ಷ ನವೀಕರಿಸಿಕೊಳ್ಳಬೇಕಾದಂಥದ್ದು. 2022ರಿಂದ ಆ ಡೋಸುಗಳೂ ನಿಂತಿವೆ. ಆದ್ದರಿಂದ ಐದಾರು ವರ್ಷದ ಹಿಂದೆ ಎರಡು ಚುಚ್ಚಿಸಿಕೊಂಡವರೂ ಲಸಿಕೆ ಇಲ್ಲದವರ ಹಾಗೆಯೇ ಎಚ್ಚರವಾಗಿರಬೇಕು. ಹಾಕಿಸಿಕೊಂಡ ಕಾರ್ಡು ಇದ್ದರೆ ಎಸೆಯಬೇಡಿ. ಹೊಸ ಲಸಿಕೆ ಬಂದಾಗ ನಿಮಗೆ ಎಷ್ಟು ಡೋಸ್ ಎಂದು ತೀರ್ಮಾನಿಸಲು ಆರೋಗ್ಯ ಇಲಾಖೆಯವರು ಅದನ್ನು ಕೇಳಬಹುದು.